ಅಮ್ಮನ ಹಂಡೆಗೆ ನಲ್ಲಿ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಸಾಸಿವೆ ಡಬ್ಬಿಗೂ ಮೆಂತ್ಯದ ಡಬ್ಬಿಗೂ ನಡುವೆ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ ಇದೆ. ಮೊನ್ನೆ ಮನೆಗೆ ಬಂದಿದ್ದ ನಮ್ಮ ಶಾಲೆಯ ಗಣಿತದ ಮೇಡಂ ಟೀಗೆ ಏಲಕ್ಕಿ ಹುಡುಕುತ್ತ ಅದನ್ನು ತೆರೆದರು, ನೋಡಿದರು, ಮುಚ್ಚಿದರು, ಆಮೇಲೆ ನನ್ನ ಮುಖ ನೋಡಿದರು. ಒಳಗಿದ್ದದ್ದು ಡ್ರಿಲ್ ಬಿಟ್ಟುಗಳು.

"ಇವು ನಿಮ್ಮ ಯಜಮಾನರವಾ?"

"ಅಲ್ಲ, ನನ್ನವು" ಎಂದೆ.

ಅವರು ಏಲಕ್ಕಿಯಿಲ್ಲದ ಟೀ ಕುಡಿದು, ಒಂದೆರಡು ಮಾತಾಡಿ ಹೋದರು. ಅವರ ಅನುಮಾನವನ್ನು ನಾನು ತಪ್ಪೆನ್ನಲಾರೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು ನಾನು. ಕುಕ್ಕರ್ ಕೂಗುವ ಮೊದಲೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿರುತ್ತೇನೆ. ಮಿಕ್ಸಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಕಣ್ಣು ಮುಚ್ಚಿ ಗುಂಡಿ ತಿರುಗಿಸುವವಳು. ಅಂಥವಳ ಮನೆಯಲ್ಲಿ ಉಕ್ಕು ಕೊರೆಯುವ ಸಾಮಾನು ಸಾಂಬಾರ ಪದಾರ್ಥದ ಜೊತೆ ಇದ್ದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನೀವು ಟೀ ಕೇಳುವುದಿಲ್ಲ, ಅದೊಂದು ಅನುಕೂಲ.

ಬಂಗಾರಪೇಟೆಯ ನಮ್ಮ ಮನೆಯಲ್ಲಿ ಇರುವವರು ನಾಲ್ಕು ಜನ. ನಾನು, ನನ್ನ ಗಂಡ ಮುನಿರಾಜು, ಅವರ ತಾಯಿ ವೆಂಕಟಮ್ಮ, ನನ್ನ ತಾಯಿ ಕನ್ನಿಯಮ್ಮ. ಮಗಳು ಓದಿಗೆಂದು ಬೇರೆ ಊರಿನಲ್ಲಿದ್ದಾಳೆ. ಮುನಿರಾಜು ದಿನಾ ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ಟ್ರೇನು ಹತ್ತಿ ವೈಟ್‌ಫೀಲ್ಡ್ ಕಡೆಯ ಒಂದು ಕಾರ್ಖಾನೆಯ ಸ್ಟೋರಿಗೆ ಹೋಗಿ, ಸಂಜೆ ಅದೇ ಥರದ ಇನ್ನೊಂದು ಟ್ರೇನಿನಲ್ಲಿ ನಿಂತುಕೊಂಡೇ ವಾಪಸು ಬರುತ್ತಾರೆ. ಅತ್ತೆ ಕಾಮಸಮುದ್ರದ ಆಚೆಯ ಹಳ್ಳಿಯವರು. ಹೊಲ, ರಾಗಿ, ಹಸು ಎಂದು ಬದುಕಿದವರು. ಕಣ್ಣಿನ ನರ ಒಣಗುತ್ತಿದೆ ಎಂದು ಡಾಕ್ಟರು ಹೇಳಿದ ಮೇಲೆ ಹೊಲವನ್ನು ಚಿಕ್ಕ ಮಗನಿಗೆ ಒಪ್ಪಿಸಿ ನಮ್ಮಲ್ಲಿಗೆ ಬಂದರು. ಅಮ್ಮ ಕೋಲಾರದ ಚಿನ್ನದ ಗಣಿಯ ಊರಿಗಾಂನವಳು. ಅಪ್ಪ ಗಣಿ ಕಂಪನಿಯಲ್ಲಿದ್ದ ಕಾಲದಿಂದ ಕೆಲಸಗಾರರ ಸಾಲುಮನೆಯಲ್ಲೇ, ಲೈನು ಮನೆಯಲ್ಲೇ, ಇದ್ದವಳು. ಅಪ್ಪ ಹೋದ ಮೇಲೂ ಬಹಳ ಕಾಲ ಅಲ್ಲಿಂದ ಕದಲಲಿಲ್ಲ. ಕೊನೆಗೆ ಒಂದು ಮಳೆಯಲ್ಲಿ ಹಿಂದಿನ ಗೋಡೆ ಬಿದ್ದಾಗ, ಗೋಡೆಯ ಮೇಲೆ ಕೋಪ ಮಾಡಿಕೊಂಡು ಬಂದವಳಂತೆ ಬಂದಳು.

ಬರುವಾಗ ಅವಳು ಮಡಿಲಲ್ಲಿ ಇಟ್ಟುಕೊಂಡು ತಂದದ್ದು ಒಂದೇ ಸಾಮಾನು. ಅದು ನೀರಿನ ಹಂಡೆ. ಹಂಡೆ ಎನ್ನುವುದು ಪಾಠ ಮಾಡುವ ನನ್ನ ಬಾಯಿಯ ಮಾತು. ಅತ್ತೆಗೆ ಅದು ಅಂಡೆ. ಅಮ್ಮನಿಗೆ ಅಂಡಾ. ನಮ್ಮ ಮನೆಯಲ್ಲಿ ಅನ್ನವೂ ಹೀಗೇ, ಮೂರು ಹೆಸರಿನಲ್ಲಿ ಬೇಯುತ್ತದೆ.

ಸ್ಟೀಲು ಎನ್ನುವ ಮಾತೂ ಆಗ ನಮ್ಮ ಲೈನಿನಲ್ಲಿ ಇರಲಿಲ್ಲ. ಎವರ್‌ಸಿಲ್ವರ್ ಎನ್ನುತ್ತಿದ್ದೆವು. ಎಂದೆಂದಿಗೂ ಬೆಳ್ಳಿ. ಹಿತ್ತಾಳೆಗೆ ಹುಣಿಸೆಹಣ್ಣು ತಿಕ್ಕಿ ಕೈ ಸೀಳಿಸಿಕೊಂಡಿದ್ದ ಹೆಂಗಸರಿಗೆ ಒಂದು ಸಲ ತೊಳೆದರೆ ಹೊಳೆಯುತ್ತಲೇ ಇರುವ ಪಾತ್ರೆ ದೇವರು ಕಳಿಸಿದ್ದೆಂದೇ ಅನ್ನಿಸಿರಬೇಕು. ಯಾರ ಮನೆಗೆ ಹೊಸ ಪಾತ್ರೆ ಬಂದರೂ ಲೈನಿನ ಅಕ್ಕಂದಿರೆಲ್ಲ ಹೋಗಿ ಅದರಲ್ಲಿ ಮುಖ ನೋಡಿಕೊಂಡು ಬರುತ್ತಿದ್ದರು. ಹೆಸರು ಕೊರೆಯುವವನೊಬ್ಬ ಬರುತ್ತಿದ್ದ. ಜಗಲಿಯ ಮೇಲೆ ಕೂತು ಪಾತ್ರೆಯನ್ನು ತೊಡೆಯ ನಡುವೆ ಹಿಡಿದು ಟಿಕ್ ಟಿಕ್ ಎಂದು ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಯುತ್ತಿದ್ದ. ಅವನ ಕಾಗುಣಿತ ಸರಿಯಿರಲಿಲ್ಲ. ನಮ್ಮ ಪಕ್ಕದ ಮನೆಯ ಸರೋಜಕ್ಕ ತನ್ನ ಅಷ್ಟೂ ತಟ್ಟೆಗಳಲ್ಲಿ ಸೊರೋಜ ಆಗಿಬಿಟ್ಟಿದ್ದಳು. ನಾನು ಮುಂದೆ ಭಾಷೆಯ ಮೇಡಂ ಆದದ್ದಕ್ಕೆ ಅದೂ ಒಂದು ಕಾರಣವಿರಬಹುದು.

ಅಮ್ಮನ ಹಂಡೆ ಬಂದದ್ದು ನಾನು ದೊಡ್ಡವಳಾದಾಗ. ಅಮ್ಮನ ಅಣ್ಣ, ನನ್ನ ಮಾವ, ವಾಣಿಯಂಬಾಡಿಯಿಂದ ರೈಲಿನಲ್ಲಿ ಸೀರೆ, ಬಳೆ, ಹಣ್ಣಿನ ತಟ್ಟೆಗಳ ಜೊತೆ ಅದನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ದಪ್ಪ ತಗಡಿನ, ಗಟ್ಟಿ ಅಂಚಿನ, ಒಬ್ಬರು ಎತ್ತಲು ಯೋಚಿಸಬೇಕಾದ ಹಂಡೆ. ಶಾಸ್ತ್ರ ನನ್ನದಾದರೂ ಅದರ ಮೇಲೆ ಅವನು ಹಾಕಿಸಿದ್ದು ತಂಗಿಯ ಹೆಸರು. ಆ ಮಾವ ಮುಂದೆ ಬಹಳ ವರ್ಷ ಬದುಕಲಿಲ್ಲ. ಅಮ್ಮ ಆ ಹಂಡೆಗೆ ಬಿಳಿಯ ಬಟ್ಟೆ ಕಟ್ಟಿ ಇಡುತ್ತಿದ್ದಳು. ಗಾಳಿಯ ತಿಂಗಳಲ್ಲಿ, ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಸೈನೈಡ್ ದಿಬ್ಬದ ಬಿಳಿ ಮರಳು ಎದ್ದು ಬಂದು ಅನ್ನದ ಪಾತ್ರೆ, ಹಾಸಿಗೆ, ತಲೆಗೂದಲು ಎಲ್ಲದರ ಮೇಲೂ ಕೂರುತ್ತಿತ್ತು. ಆ ಬಟ್ಟೆಯ ಕೆಳಗಿನ ನೀರಿನ ಮೇಲೆ ಮಾತ್ರ ಒಂದು ಕಣವೂ ಬಿದ್ದದ್ದನ್ನು ನಾನು ಕಾಣೆ. ಬಂಗಾರಪೇಟೆಗೆ ಬಂದ ಮೇಲೆ ಇಲ್ಲಿ ಫಿಲ್ಟರ್ ಇದೆಯಲ್ಲ ಎಂದು ಅವಳು ಅದನ್ನು ಬೀರುವಿನ ಮೇಲೆ ಬೋರಲಾಗಿ ಇಟ್ಟಳು. ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಒರೆಸುವುದೂ ಅವಳೇ.

ಈಗ ಅತ್ತೆಯ ವಿಷಯಕ್ಕೆ ಬರುತ್ತೇನೆ. ಕಣ್ಣು ಪೂರ್ತಿ ಮಂಜಾದ ಮೇಲೂ ಅತ್ತೆ ಯಾರನ್ನೂ ಏನನ್ನೂ ಕೇಳುವವರಲ್ಲ. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದರು, ಸೀರೆಯನ್ನು ತಾವೇ ಮಡಚುತ್ತಿದ್ದರು, ಅವರೆಕಾಯಿ ಸುಲಿಯುವುದರಲ್ಲಿ ಕಣ್ಣಿರುವ ನಮ್ಮನ್ನು ಹಿಂದೆ ಹಾಕುತ್ತಿದ್ದರು. ನೀರಿನದೊಂದು ಮಾತ್ರ ಅವರಿಗೆ ಆಗಲಿಲ್ಲ. ಫಿಲ್ಟರ್ ಎತ್ತರದಲ್ಲಿತ್ತು, ಬಿಂದಿಗೆ ಬಗ್ಗಿಸಲು ಹೋದರೆ ನೀರು ಎಲ್ಲಿ ಬೀಳುತ್ತದೆಂದು ತಿಳಿಯುತ್ತಿರಲಿಲ್ಲ. ನಾವು ಪಕ್ಕದಲ್ಲಿ ಲೋಟ ಇಟ್ಟು ಹೋದರೆ, ಕೈ ತಾಗಿ ಉರುಳಿಸಿ, ಒರೆಸಲು ತಮ್ಮದೇ ಸೆರಗು ಉಪಯೋಗಿಸುತ್ತಿದ್ದರು. ಕೊನೆಗೆ ಕುಡಿಯುವುದನ್ನೇ ಕಡಿಮೆ ಮಾಡಿದರು.

"ಅತ್ತೆ, ನೀರು ಕೊಡ್ಲಾ?"

"ಬ್ಯಾಡ ಕಣಮ್ಮಿ. ದಾಹ ಇಲ್ಲ."

ನಾನು ನಂಬಿದೆ. ಅವರ ಮಗ ನಂಬಿದರು. ನಂಬದವಳು ಅಮ್ಮ ಒಬ್ಬಳೇ. ಒಂದು ದಿನ ಸೊಪ್ಪು ಬಿಡಿಸುತ್ತಾ ತಗ್ಗಿದ ದನಿಯಲ್ಲಿ ನನಗೆ ಹೇಳಿದಳು: "ಆಯಮ್ಮ ದಾಹ ಇಲ್ಲ ಅಂದ್ರೆ ದಾಹ ಇದೆ ಅಂತ ಅರ್ಥ ಮಾ. ನಂಗೆ ಗೊತ್ತು."

ಅವಳಿಗೆ ಹೇಗೆ ಗೊತ್ತು ಎನ್ನುವುದು ನನಗೆ ಗೊತ್ತಿತ್ತು. ನನ್ನದು, ಮುನಿರಾಜುವಿನದು ಎರಡೂ ಮನೆಯವರು ಒಪ್ಪಿ ಮಾಡಿದ ಮದುವೆಯಲ್ಲ. ಅವರ ಜಾತಿ ಬೇರೆ, ನಮ್ಮದು ಬೇರೆ. ನಮ್ಮದು ಅವರ ಊರಿನಲ್ಲಾಗಿದ್ದರೆ ಊರ ಹೊರಗೆ ಇರಬೇಕಾದ ಮನೆ. ಮದುವೆಯಾಗಿ ಕೆಲವು ತಿಂಗಳ ಮೇಲೆ, ಯಾರೋ ಹಿರಿಯರು ಹೇಳಿದರೆಂದು ಅತ್ತೆ ಊರಿಗಾಂನ ನಮ್ಮ ಲೈನು ಮನೆಗೆ ಒಮ್ಮೆ ಬಂದಿದ್ದರು. ಬೇಸಿಗೆ. ಸ್ಟೇಷನ್ನಿನಿಂದ ಆ ಬಿಸಿಲಿನಲ್ಲಿ ನಡೆದು ಬಂದಿದ್ದರು. ಅಮ್ಮ ಇದ್ದುದರಲ್ಲಿ ಒಳ್ಳೆಯ ಲೋಟ ತೊಳೆದು, ಹಂಡೆಯ ಬಿಳಿ ಬಟ್ಟೆ ಸರಿಸಿ, ನೀರು ತುಂಬಿ ಅವರ ಮುಂದೆ ಇಟ್ಟಳು. ಅತ್ತೆ ಲೋಟವನ್ನು ನೋಡಿದರು. "ದಾಹ ಇಲ್ಲ" ಎಂದರು. ಅವರು ಎದ್ದು ಹೋದ ಮೇಲೆ ಅಮ್ಮ ಆ ನೀರನ್ನು ಚೆಲ್ಲಲೂ ಇಲ್ಲ, ಕುಡಿಯಲೂ ಇಲ್ಲ. ಸಂಜೆಯವರೆಗೂ ಅದು ಅಲ್ಲೇ ಇತ್ತು. ಆಮೇಲೆ ಅಪ್ಪ ಶಿಫ್ಟ್ ಮುಗಿಸಿ ಬಂದು, ಏನೂ ತಿಳಿಯದೆ ಎತ್ತಿ ಕುಡಿದುಬಿಟ್ಟ.

ಆಮೇಲೆ ಕಾಲ ಸರಿಯಿತು. ನನಗೆ ಮಗಳು ಹುಟ್ಟಿದಳು, ಅತ್ತೆ ಬಾಣಂತನಕ್ಕೆ ಬಂದು ನನ್ನ ಕೈಯ ಅನ್ನ ಉಂಡರು. ಯಾರೂ ಯಾವುದನ್ನೂ ಬಾಯಿಬಿಟ್ಟು ಹೇಳಲಿಲ್ಲ, ಹಾಗೇ ಅಭ್ಯಾಸವಾಯಿತು. ಈಗ ಇಬ್ಬರು ಬೀಗಿತ್ತಿಯರೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕದ ಮಂಚದಲ್ಲಿ ಮಲಗಿ, ಒಬ್ಬರ ಗೊರಕೆಯ ಬಗ್ಗೆ ಇನ್ನೊಬ್ಬರು ನನಗೆ ದೂರು ಕೊಡುತ್ತಾರೆ. ಆದರೆ ಆ ದಿನದ ಮಾತನ್ನು ಅವರಿಬ್ಬರೂ ಎಂದೂ ಎತ್ತಿದವರಲ್ಲ.

ಅಮ್ಮ ಹೇಳಿದ್ದು ನಿಜವಾಯಿತು. ಒಂದು ಬೆಳಿಗ್ಗೆ ಅತ್ತೆ ಬಚ್ಚಲಿನ ಬಾಗಿಲಲ್ಲಿ ತಲೆ ಸುತ್ತಿ ಕುಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ಮೂತ್ರದ ಸೋಂಕು ಎಂದರು, ಮೈಯಲ್ಲಿ ನೀರೇ ಇಲ್ಲ ಎಂದರು, ಮನೆಯಲ್ಲಿ ಇಷ್ಟು ಜನ ಇದ್ದೂ ನೀರು ಕೊಡಲಿಲ್ಲವೇ ಎಂಬಂತೆ ನಮ್ಮನ್ನು ನೋಡಿದರು. ಡ್ರಿಪ್ ಹಾಕಿಸಿಕೊಂಡು ಮಲಗಿದ್ದ ಅತ್ತೆ ಮಗನ ಕೈ ಹುಡುಕಿ ಹಿಡಿದು, "ಇವ್ರದೇನೂ ತಪ್ಪಿಲ್ಲ ಕಣಪ್ಪ. ಸುಮ್ಕೆ ಎಲ್ರಿಗೂ ಯಾಕ್ ತೊಂದ್ರೆ ಅಂತ" ಎಂದರು.

ಮುನಿರಾಜು ಮಾರನೆಯ ದಿನವೇ ನಲ್ಲಿ ಇರುವ ಪ್ಲಾಸ್ಟಿಕ್ ಕ್ಯಾನೊಂದನ್ನು ತಂದು ಅತ್ತೆಯ ಕೋಣೆಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಇಟ್ಟರು. ಎರಡು ದಿನ ಚೆನ್ನಾಗಿತ್ತು. ನೀರು ಕಡಿಮೆಯಾದಾಗ ಕ್ಯಾನು ಹಗುರಾಯಿತು. ಅತ್ತೆ ನಲ್ಲಿ ತಡಕಿದರು, ಅದು ಹಿಂದೆ ಸರಿಯಿತು, ಇನ್ನೂ ತಡಕಿದರು, ಉರುಳಿತು. ನಾನು ಓಡಿ ಹೋಗಿ ನೋಡಿದರೆ, ಅತ್ತೆ ನೆಲದ ಮೇಲಿನ ನೀರಿನಲ್ಲಿ ಬರಿಗಾಲಲ್ಲಿ ನಿಂತು, ಎತ್ತ ಹೆಜ್ಜೆ ಇಡುವುದೆಂದು ತಿಳಿಯದೆ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಆ ದಿನ ಪೂರ್ತಿ ಅವರು ಮತ್ತೆ ನೀರು ಕೇಳಲಿಲ್ಲ.

ಅಂದು ಮಧ್ಯಾಹ್ನ ಅಮ್ಮ ಕುರ್ಚಿ ಹತ್ತಿ ಬೀರುವಿನ ಮೇಲಿಂದ ಹಂಡೆ ಇಳಿಸಿದಳು. ಅವಳ ವಯಸ್ಸಿಗೆ ಮಾಡಬಾರದ ಕೆಲಸ. ನನ್ನ ಮುಂದೆ ತಂದಿಟ್ಟು ಹೇಳಿದಳು: "ಇದಕ್ಕೆ ಒಂದು ನಲ್ಲಿ ಹಾಕ್ಸು. ಇದು ಅಲ್ಲಾಡಲ್ಲ."

"ತೂತು ಹಾಕ್ಬೇಕಾಗತ್ತೆ ಅಮ್ಮಾ" ಎಂದೆ. "ಮಾವ ಕೊಟ್ಟಿದ್ದು."

"ತೂತು ಹಾಕಿದ್ರೆ ಅಣ್ಣ ಎಲ್ಲಿಗೆ ಹೋಗ್ತಾನೆ? ಹಾಕು."

ರಸ್ತೆಯ ತಿರುವಿನ ವೆಲ್ಡಿಂಗ್ ಅಂಗಡಿಯಲ್ಲಿ ವಿಚಾರಿಸಿದೆ. ಹಂಡೆಯನ್ನು ಇಲ್ಲೇ ಇಟ್ಟು ಹೋಗಿ, ಗ್ಯಾಸಿನಲ್ಲಿ ಸುಟ್ಟು ತೂತು ಮಾಡಿ ಪೈಪು ಬೆಸೆದು ಕೊಡುತ್ತೇನೆ ಎಂದ. ಅಮ್ಮನಿಗೆ ಹೇಳಿದೆ. "ಬೆಂಕಿ ವೇಣಾಂ" ಎಂದಳು. ಬೆಂಕಿ ಬೇಡ ಎಂದರೆ ಬೇಡ, ಅವಳ ತಮಿಳಿನ ಆ ಒಂದು ಪದದ ಮುಂದೆ ಅಪ್ಪನ ಮಾತೂ ನಡೆಯುತ್ತಿರಲಿಲ್ಲ.

ಹಾಗಾಗಿ ಭಾನುವಾರ ಮುನಿರಾಜು ತಮ್ಮ ಡ್ರಿಲ್ ಮಿಷಿನ್ ತೆಗೆದರು. ಅದರ ಹಿಂದಿನ ಚರಿತ್ರೆ ಅಂಥ ಹೆಮ್ಮೆಯದೇನಲ್ಲ. ಗಡಿಯಾರ ನೇತುಹಾಕಲು ಕೊಂಡದ್ದು. ಗೋಡೆಯಲ್ಲಿ ಗಡಿಯಾರಕ್ಕಿಂತ ದೊಡ್ಡ ತೂತು ಮಾಡಿ, ಅದನ್ನು ಮುಚ್ಚಲು ಒಂದು ಕ್ಯಾಲೆಂಡರು ತರಬೇಕಾಗಿತ್ತು. ಈಗ ಅವರು ಗೋಡೆ ಕೊರೆಯುವ ಬಿಟ್ಟನ್ನೇ ಸಿಕ್ಕಿಸಿ, ಹಂಡೆಯನ್ನು ಅಂಗಳದಲ್ಲಿ ಮಲಗಿಸಿ, ಮಿಷಿನ್ನನ್ನು ಪೂರಾ ವೇಗದಲ್ಲಿ ಬಿಟ್ಟರು. ಆ ಸದ್ದನ್ನು ಬರೆದು ತೋರಿಸಲಾರೆ. ಎದುರು ಮನೆಯ ನಾಯಿ ಗೇಟು ಹಾರಿ ಹೋಯಿತು. ಹೊಗೆ ಬಂತು. ಬಿಟ್ಟಿನ ತುದಿ ನೀಲಿಯಾಯಿತು. ಹಂಡೆಯ ಮೇಲೆ ಒಂದು ಕಾಸಿನಗಲದ ಹೊಳೆಯುವ ಗುರುತು ಬಿತ್ತೇ ಹೊರತು ತೂತು ಬೀಳಲಿಲ್ಲ. ಇನ್ನೊಂದು ಬಿಟ್ಟು ಹಾಕಿದರು. ಅದು ಆ ಗುರುತಿನ ಮೇಲೆ ನಿಲ್ಲದೆ ಜಾರಿ, ಪಕ್ಕಕ್ಕೆ ಗೀಚಿತು.

ಅಮ್ಮ ಹತ್ತಿರ ಬಂದು ಆ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿದಳು. ಅದು ಹೋಗಲಿಲ್ಲ. ಒಳಗೆ ಹೋದಳು. ಮುನಿರಾಜು ಮಿಷಿನ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತರು. ತಾಯಿಗೆ ನೀರು ಕೊಡಲಾಗಲಿಲ್ಲ, ನನ್ನ ಅಮ್ಮನ ಹಂಡೆಯೂ ಕೆಟ್ಟಿತು ಎಂಬ ಎರಡೂ ಸಂಕಟ ಅವರ ಬೆನ್ನಿನಲ್ಲೇ ಕಾಣುತ್ತಿತ್ತು.

"ಇದನ್ನ ನನಗೆ ಬಿಡಿ" ಎಂದೆ. ಯಾಕೆ ಹಾಗೆಂದೆನೋ. ಅವರನ್ನು ಸಮಾಧಾನ ಮಾಡಲು ಬಾಯಿಗೆ ಬಂದ ಮಾತು ಅದು. ಅವರು ನಂಬಿಬಿಟ್ಟರು.

ಆ ವಾರ ನಾನು ಓದಿದಷ್ಟು ಬಿ.ಎಡ್. ಪರೀಕ್ಷೆಗೂ ಓದಿರಲಿಲ್ಲ. ಫೋನಿನಲ್ಲಿ ಯಾವ ಯಾವುದೋ ದೇಶದ ಗಂಡಸರು ತಮ್ಮ ತಮ್ಮ ಶೆಡ್ಡುಗಳಲ್ಲಿ ನಿಂತು ಉಕ್ಕು ಕೊರೆಯುವುದನ್ನು, ಶಾಲೆಯ ಊಟದ ಬಿಡುವಿನಲ್ಲಿ ಸ್ಟಾಫ್‌ರೂಮಿನ ಮೂಲೆಯಲ್ಲಿ ಕೂತು ನೋಡಿದೆ. ಅವರೆಲ್ಲ ಹೇಳುವುದು ಒಂದೇ. ಸ್ಟೇನ್‌ಲೆಸ್ ಸ್ಟೀಲಿನ ಸ್ವಭಾವ ವಿಚಿತ್ರ. ಅದನ್ನು ಕೊರೆಯದೆ ಬರೀ ಉಜ್ಜಿದರೆ ಅದು ಬಿಸಿಯಾಗಿ, ಉಜ್ಜಿದ ಜಾಗದಲ್ಲಿ ಇನ್ನಷ್ಟು ಗಟ್ಟಿಯಾಗಿಬಿಡುತ್ತದೆ. ನಮ್ಮ ಹಂಡೆಯ ಹೊಳೆಯುವ ಗುರುತು ಅಂಥದು. ಆದ್ದರಿಂದ ವೇಗ ಕಡಿಮೆ ಇರಬೇಕು, ಒತ್ತಡ ಹೆಚ್ಚಿರಬೇಕು. ಬಿಟ್ಟು ತಿರುಗುವಾಗಲೆಲ್ಲ ಕತ್ತರಿಸುತ್ತಿರಬೇಕು, ಸುಮ್ಮನೆ ಸುತ್ತಬಾರದು. ಎಣ್ಣೆ ಹನಿಸುತ್ತಿರಬೇಕು. ಆಗಾಗ ನಿಲ್ಲಿಸಿ ತಣಿಯಲು ಬಿಡಬೇಕು. ಮೊದಲು ಸಣ್ಣ ತೂತು, ಆಮೇಲೆ ದೊಡ್ಡದು. ನಾನು ನನ್ನ ಪಾಠದ ಬಗ್ಗೆ ಯೋಚಿಸಿದೆ. ಪೋರ್ಷನ್ ಮುಗಿಸುವ ಅವಸರದಲ್ಲಿ ಇಷ್ಟು ವರ್ಷ ಪೂರಾ ವೇಗದಲ್ಲಿ ಮಕ್ಕಳ ತಲೆಯ ಮೇಲೆ ಸುತ್ತಿದ್ದೇ ಹೆಚ್ಚು.

ರಾಬರ್ಟ್‌ಸನ್‌ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಉಕ್ಕು ಕೊರೆಯುವ ಕೋಬಾಲ್ಟ್ ಬಿಟ್ಟು ಬೇಕು, ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುವ ಬಿಟ್ಟೂ ಒಂದು ಬೇಕು ಎಂದೆ. ಅಂಗಡಿಯವರು ನನ್ನ ಹಿಂದೆ ಯಾರಾದರೂ ಗಂಡಸರು ನಿಂತಿದ್ದಾರೆಯೇ ಎಂದು ನೋಡಿದರು. "ಯಾರಿಗೆ ಮೇಡಂ?" ಎಂದರು. "ನಮ್ಮತ್ತೆಗೆ" ಎಂದೆ. ಅದು ನಿಜವೇ ಆಗಿದ್ದರಿಂದ ಹೆಚ್ಚಿನ ವಿವರಣೆ ಕೊಡಲಿಲ್ಲ. ಕಣ್ಣಿಗೆ ಚೂರು ಹಾರದಂತೆ ಕನ್ನಡಕ, ಸಣ್ಣ ಅರ, ನಲ್ಲಿ, ಅದರ ರಬ್ಬರ್ ವಾಷರುಗಳೂ ಬಂದವು.

ಮೊದಲ ಪ್ರಯೋಗ ಒಂದು ಹಳೆಯ ತಟ್ಟೆಯ ಮೇಲೆ. ಬಿಗಿಯಾಗಿ ಹಿಡಿಯದೆ ಕೊರೆದೆ. ತೂತು ಬೀಳುವ ಹೊತ್ತಿಗೆ ಬಿಟ್ಟು ತಟ್ಟೆಯನ್ನೇ ಕಚ್ಚಿಕೊಂಡು ಗಿರ್ರನೆ ತಿರುಗಿಸಿ ಬಿಸಾಡಿತು. ತಟ್ಟೆ ಹೋಗಿ ತುಳಸಿಕಟ್ಟೆಗೆ ಬಡಿಯಿತು. ಅದೃಷ್ಟಕ್ಕೆ ನನ್ನ ಬೆರಳುಗಳೆಲ್ಲ ಅವುಗಳ ಜಾಗದಲ್ಲೇ ಇದ್ದವು. ಹಿಂದೆ ಮರದ ಆಸರೆ ಇರಬೇಕು, ಕೆಲಸದ ಸಾಮಾನು ಕದಲಬಾರದು ಎಂದು ಆ ಶೆಡ್ಡಿನ ಗಂಡಸರು ಹೇಳಿದ್ದು ಆಗ ಅರ್ಥವಾಯಿತು. ಎರಡನೆಯ ತಟ್ಟೆಯನ್ನು ಮಣೆಗೆ ಮೊಳೆ ಹೊಡೆದು ಬಿಗಿದೆ. ಆಗ ಉಕ್ಕು ಸುರುಳಿ ಸುರುಳಿಯಾಗಿ ಎದ್ದು ಬಂತು, ಸಂಡಿಗೆ ಒತ್ತಿದಂತೆ. ಅದನ್ನು ನೋಡಿದಾಗಿನ ನನ್ನ ಸಂತೋಷವನ್ನು ಯಾರಿಗೆ ಹೇಳಲಿ ಎಂದು ಸುತ್ತ ನೋಡಿದೆ. ಇದ್ದದ್ದು ಎದುರು ಮನೆಯ ನಾಯಿ. ಅದು ಹೊರಡುವ ತಯಾರಿಯಲ್ಲಿತ್ತು.

ಶಾಲೆಗೆ ರಜೆಯಿದ್ದ ದಿನ, ಮುನಿರಾಜು ಕೆಲಸಕ್ಕೆ ಹೋದ ಮೇಲೆ, ನಾವು ಮೂವರೂ ಹಿತ್ತಲಿನಲ್ಲಿ ಕೂತೆವು. ಹಳೆಯ ಗೋಣಿಚೀಲಗಳನ್ನು ಸುತ್ತಿ ಹಾಸಿ, ಅದರ ಗುಳಿಯಲ್ಲಿ ಹಂಡೆಯನ್ನು ಮಲಗಿಸಿ, ಒಳಗೆ ಒಂದು ಮರದ ತುಂಡನ್ನು ತುರುಕಿ ಬಿಗಿ ಮಾಡಿದೆ. ಕದಲದಂತೆ ಯಾರಾದರೂ ಹಿಡಿಯಬೇಕಿತ್ತು.

"ನಾನ್ ಇಡ್ಕಂತೀನಿ" ಎಂದರು ಅತ್ತೆ. "ಕಣ್ಣಿಲ್ಲ, ಕೈಯಾದ್ರೂ ಐತಲ್ಲ. ಒದೆಯೋ ಹಸಾನೇ ಇಡ್ಕಂಡೋಳು ನಾನು."

ಅವರು ಹಂಡೆಯ ಎರಡೂ ಬದಿಗೆ ಕಾಲು ಚಾಚಿ ಕೂತು, ಅದರ ಬಾಯಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದರು. ನನ್ನ ಶಾಲಿನಿಂದ ಅವರ ಮುಖ ಮುಚ್ಚಿ ಕಟ್ಟಿದೆ. ಅಮ್ಮ ಎಣ್ಣೆ ಬಟ್ಟಲು ಮತ್ತು ಚಮಚ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಮುನಿರಾಜು ಮಾಡಿದ ಗುರುತಿನಿಂದ ಸ್ವಲ್ಪ ಪಕ್ಕಕ್ಕೆ, ತಳದಿಂದ ನಾಲ್ಕು ಬೆರಳು ಮೇಲೆ, ಮೊಳೆ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿ ಬಿಟ್ಟು ಕೂರಲು ಗುಳಿ ಮಾಡಿದೆ. ಕೋಬಾಲ್ಟ್ ಬಿಟ್ಟನ್ನು ಅದರಲ್ಲಿ ಇಟ್ಟು, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ನಿಧಾನವಾಗಿ ಗುಂಡಿ ಒತ್ತಿದೆ.

ಮಿಷಿನ್ ಗೊಣಗಿತು. ಅಮ್ಮ ಒಂದೊಂದೇ ಹನಿ ಎಣ್ಣೆ ಬಿಟ್ಟಳು. ಸ್ವಲ್ಪ ಹೊತ್ತಿಗೆ ನನ್ನ ಕೈ ಸೋತು ಒತ್ತಡ ಸಡಿಲವಾಯಿತು, ಸದ್ದು ಕೀರಲಾಯಿತು.

"ಈಗ ಬರೀ ಸುತ್ತತಾ ಐತೆ ಕಣಮ್ಮಿ, ಕಚ್ತಾ ಇಲ್ಲ" ಎಂದರು ಅತ್ತೆ ಶಾಲಿನೊಳಗಿಂದ. "ನನ್ ಕೈಗೆ ಗೊತ್ತಾಯ್ತದೆ."

ನಿಲ್ಲಿಸಿದೆ. ಬಿಟ್ಟು ತಣಿಯಲಿ ಎಂದು ಮೂವರೂ ಕೂತೆವು. ಅತ್ತೆಯ ಬೆರಳುಗಳು ಹಂಡೆಯ ಅಂಚಿನ ಕೆಳಗೆ ಸರಿದಾಡುತ್ತ ಚುಕ್ಕಿಗಳ ಸಾಲಿನ ಮೇಲೆ ನಿಂತವು.

"ಏನಿದು, ದಡಾರ ಎದ್ದಂಗೆ ಚುಕ್ಕಿ ಚುಕ್ಕಿ?"

"ನನ್ ಹೆಸ್ರು" ಎಂದಳು ಅಮ್ಮ. "ನಮ್ಮಣ್ಣ ಹಾಕ್ಸಿದ್ದು."

ಅತ್ತೆ ಮತ್ತೊಮ್ಮೆ ಆ ಸಾಲನ್ನು ಸವರಿದರು. "ಇದು ಊರಿಗಾಂನಾಗಿತ್ತಲ್ಲ, ಆ ಅಂಡೇನಾ? ಬಿಳೀ ಬಟ್ಟೆ ಕಟ್ಟಿದ್ಯಲ್ಲ?"

"ಅದೇ."

ನಾನು ಮಿಷಿನ್ನಿನ ವೈರನ್ನು ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಹಿತ್ತಲಿನ ಆಚೆ ಒಂದು ಗೂಡ್ಸ್ ರೈಲು ಹೋಗುತ್ತಿತ್ತು.

"ಇದ್ರಾಗಿನ್ ನೀರು ನಾನ್ ಅವತ್ತು ಕುಡೀಲಿಲ್ಲ" ಎಂದರು ಅತ್ತೆ.

"ದಾಹ ಇಲ್ಲ ಅಂದ್ರಿ."

"ಇತ್ತು." ಅತ್ತೆ ಮುಖದ ಶಾಲನ್ನು ಕೆಳಗೆ ಎಳೆದುಕೊಂಡರು. "ಸಾಯೋವಷ್ಟ್ ಇತ್ತು ಕನ್ನಿಯಮ್ಮ. ನಾಲ್ಗೆ ಅಂಟ್ಕಂಡಿತ್ತು. ಓಗ್ತಾ ಸ್ಟೇಷನ್ ನಲ್ಲೀಲಿ ಕುಡ್ದೆ. ಬಗ್ಗಿ ಕೈಯಾಗ್ ಇಡ್ಕಂಡು ಕುಡ್ದೆ. ಆ ನೀರು ಬಿಸಿ ಇತ್ತು. ನಿನ್ ಲೋಟ ತಣ್ಗಿದ್ದಿದ್ದು ಕಾಣ್ತಿತ್ತು ನಂಗೆ. ಒರ್ಗಡೆ ಎಲ್ಲ ಬೆವ್ತಿತ್ತು."

ಅಮ್ಮ ಎಣ್ಣೆಯ ಚಮಚವನ್ನು ಬಟ್ಟಲಿನ ಅಂಚಿಗೆ ಒರೆಸಿದಳು. ಅವಳು ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಬಯ್ಯುತ್ತಾಳೆ ಎಂದುಕೊಂಡೆ, ಅದೂ ಇಲ್ಲ. "ಎಷ್ಟ್ ವರ್ಷ ಅದೇ ಯೋಚ್ನೆ ಮಾಡ್ತಿದ್ದೆ" ಎಂದಳು. "ಲೋಟ ಸರಿ ತೊಳೀಲಿಲ್ವೇನೋ ಅಂತ ಕೂಡ ಅಂದ್ಕೊಂಡಿದ್ದೆ. ಹಾಗಲ್ಲ ಅಂತ ಗೊತ್ತಿದ್ರೂ."

"ಲೋಟ ಚೆನ್ನಾಗ್ ತೊಳ್ದಿದ್ದೆ" ಎಂದರು ಅತ್ತೆ. "ನನ್ದೇ ಸರಿ ಇರ್ಲಿಲ್ಲ."

ಅಮ್ಮ ಕೈ ಚಾಚಿ ಅತ್ತೆಯ ಶಾಲನ್ನು ಮತ್ತೆ ಮೂಗಿನವರೆಗೆ ಏರಿಸಿ ಗಂಟು ಬಿಗಿ ಮಾಡಿದಳು. "ಸರಿ ಸರಿ, ಹಿಡ್ಕೋ. ಪಾಪ ಇವಳು ಕಾಯ್ತಾ ಇದಾಳೆ" ಎಂದಳು. ಅಮ್ಮ ಅತ್ತೆಯನ್ನು ಏಕವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ಕೆಲಸ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಎರಡು ಸಲ ಬಿಟ್ಟು ಸಿಕ್ಕಿಕೊಂಡಿತು. ಅಮ್ಮ ಎಣ್ಣೆಯನ್ನು ಹಂಡೆಗಿಂತ ನನ್ನ ಸೀರೆಗೆ ಹೆಚ್ಚು ಹಾಕಿದಳು. ಸದ್ದು ಏರಿದಾಗಲೆಲ್ಲ ಅತ್ತೆ "ಒತ್ತು, ಒತ್ತು" ಎನ್ನುತ್ತಿದ್ದರು, ಇಳಿದಾಗ "ಹಾಂ, ಕಚ್ತು" ಎನ್ನುತ್ತಿದ್ದರು. ಕೊನೆಗೆ ಬಿಟ್ಟು ಥಟ್ಟನೆ ಒಳಗಿನ ಮರಕ್ಕೆ ಇಳಿಯಿತು. ಮೆಟ್ಟಿಲು ಬಿಟ್ಟನ್ನು ಹಾಕಿ ತೂತನ್ನು ನಲ್ಲಿಯ ಕುತ್ತಿಗೆ ಹಿಡಿಸುವಷ್ಟು ಅಗಲ ಮಾಡಿದೆ. ಚೂಪಾದ ಅಂಚನ್ನು ಒಳಗೂ ಹೊರಗೂ ಅರದಿಂದ ಉಜ್ಜಿ ಮೊಂಡು ಮಾಡಿದೆ. ಎರಡೂ ಕಡೆ ವಾಷರು ಹಾಕಿ ನಲ್ಲಿ ಬಿಗಿದೆ. ಮೊದಲ ಸಲ ನೀರು ತುಂಬಿದಾಗ ತೊಟ್ಟಿಕ್ಕಿತು. ಬಿಚ್ಚಿ, ವಾಷರು ತಿರುಗಿಸಿ ಹಾಕಿ ಮತ್ತೆ ಬಿಗಿದೆ. ನಿಂತಿತು.

ಮುನಿರಾಜು ಮಾಡಿದ್ದ ಹೊಳೆಯುವ ಗುರುತು ನಲ್ಲಿಯ ಪಕ್ಕದಲ್ಲಿ ಹಾಗೇ ಉಳಿಯಿತು. ಅದನ್ನು ಏನಾದರೂ ಮಾಡಬಹುದೇ ಎಂದು ಕೇಳಿದರೆ ಅಮ್ಮ, "ಇರ್ಲಿ ಮಾ, ದೃಷ್ಟಿಬೊಟ್ಟು" ಎಂದಳು. ಸೀಗೆಪುಡಿ ಹಾಕಿ, ಬಿಸಿನೀರಿನಿಂದ, ಎಣ್ಣೆಯ ಜಿಡ್ಡೂ ಉಕ್ಕಿನ ಪುಡಿಯೂ ಹೋಗುವವರೆಗೆ ಹಂಡೆಯನ್ನು ಅವಳೇ ತೊಳೆದಳು. ಕೋಣೆಯ ಮೂಲೆಯಲ್ಲಿ ಗಟ್ಟಿ ಮಣೆಯ ಮೇಲೆ ಇಟ್ಟು ತುಂಬಿಸಿದೆವು. ಅತ್ತೆ ಬಂದು ತಡಕಿದರು. ಹಂಡೆ ಅಲ್ಲಾಡಲಿಲ್ಲ. ಕೈ ಚುಕ್ಕಿಯ ಸಾಲನ್ನು ಹುಡುಕಿ, ಅಲ್ಲಿಂದ ನೇರ ಕೆಳಗಿಳಿದು ನಲ್ಲಿಯನ್ನು ಹಿಡಿಯಿತು. ಲೋಟದೊಳಗೆ ಬೆರಳಿಟ್ಟು ನೀರು ಎಷ್ಟು ಬಂತೆಂದು ನೋಡಿಕೊಂಡು, ಅಲ್ಲೇ ನಿಂತು ಗಟಗಟ ಕುಡಿದರು. ಇನ್ನೊಂದು ಲೋಟ ತುಂಬಿ ಅಮ್ಮನಿದ್ದ ದಿಕ್ಕಿಗೆ ಚಾಚಿದರು. ಅಮ್ಮ ನಿಂತಿದ್ದದ್ದು ಆ ದಿಕ್ಕಿನಲ್ಲಲ್ಲ. ಅವಳು ಸದ್ದಿಲ್ಲದೆ ಎರಡು ಹೆಜ್ಜೆ ಸರಿದು, ಲೋಟ ಚಾಚಿದ ಕಡೆಗೇ ಬಂದು ನಿಂತು ಇಸಿದುಕೊಂಡಳು.

ಸಂಜೆ ಮುನಿರಾಜು ಎಂದಿನಂತೆ ಟ್ರೇನಿಳಿದು ಬಂದರು. ಚಪ್ಪಲಿ ಬಿಟ್ಟು, ಬ್ಯಾಗನ್ನು ಬಾಗಿಲ ಬಳಿ ಇಟ್ಟು, "ಒಂದು ಲೋಟ ನೀರು" ಎಂದರು. ನಾನು ಎದ್ದೆ.

"ನೀನ್ ಕೂತ್ಕೋ. ನಾನ್ ತತ್ತೀನಿ" ಎಂದರು ಅತ್ತೆ.

ಅವರು ಗೋಡೆ ಹಿಡಿದು ಕೋಣೆಗೆ ಹೋದರು. ನಲ್ಲಿ ತಿರುಗಿದ ಸದ್ದು ಕೇಳಿಸಿತು. ಮುನಿರಾಜು ನನ್ನ ಮುಖ ನೋಡಿದರು, ನಾನು ಅಮ್ಮನ ಮುಖ ನೋಡಿದೆ. ಅತ್ತೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ, ನಡುಮನೆಗೆ ಬಂದರು. ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಚೆಲ್ಲಿತು. ಯಾರೂ ಎದ್ದು ಹಿಡಿಯಲಿಲ್ಲ. ಮುನಿರಾಜು ನಿಂತಲ್ಲೇ ನಿಂತು ಕೈ ಚಾಚಿ, ಅದು ತಮ್ಮ ಹತ್ತಿರ ಬರುವವರೆಗೂ ಕಾದರು.

"ಬಿಸ್ಲಾಗ್ ಬಂದಿದ್ದೀಯ" ಎಂದರು ಅತ್ತೆ. ಹೊರಗೆ ಆಗಲೇ ದೀಪ ಹತ್ತಿದ್ದವು.

ಮುನಿರಾಜು ಲೋಟವನ್ನು ಒಂದೇ ಸಲಕ್ಕೆ ಖಾಲಿ ಮಾಡಿದರು.

"ಇನ್ನೊಂದ್ ಬೇಕೇನ್ಲಾ?"

ಟ್ರೇನಿನಲ್ಲೇ ಬಾಟಲಿಯ ನೀರೆಲ್ಲ ಕುಡಿದು ಮುಗಿಸಿದ್ದೆ, ಮೊದಲ ಲೋಟಕ್ಕೇ ಹೊಟ್ಟೆ ತುಂಬಿತ್ತು ಎಂದು ಅವರು ಆಮೇಲೆ ನನಗೆ ಹೇಳಿದರು. ಆಗ ಮಾತ್ರ ಖಾಲಿ ಲೋಟವನ್ನು ತಾಯಿಯ ಕೈಗೆ ಹಿಂದಿರುಗಿಸುತ್ತ, "ತಗೊಂಡ್ ಬಾಮ್ಮ, ಬಾಳ ದಾಹ ಆಗೈತೆ" ಎಂದರು.